ಒಲೆಯ ಮೇಲಿನ ಬೀಜ

ಜನವರಿ 19
ಮತ್ತೆ ಡಬ್ಬಿ ಒರೆಸುವ ಕೆಲಸ. ಊರಿನ ಬೀಜದ ಬಿಳಿ ಪ್ಲಾಸ್ಟಿಕ್ ಡಬ್ಬಿಗಳು, ಮನೆಗೊಂದು, ಮುಚ್ಚಳದ ಮೇಲೆ ಮನೆಯವರ ಹೆಸರು. ಎಲ್ಲಕ್ಕೂ ಮಸಿ. ಬಿರುಗಾಳಿಗೆ ಬೀಜದ ಕೋಣೆಯ ತಗಡು ಹಾರಿದಾಗ ಮಕಾರಿಯಾ ಅಜ್ಜಿ ಒಬ್ಬಳೇ ಎಲ್ಲವನ್ನೂ ಹೊತ್ತು ತಂದು ನಮ್ಮ ಅಡುಗೆಮನೆಯ ಅಟ್ಟಕ್ಕೆ ಏರಿಸಿದ್ದಳು. ಒಲೆಯ ನೇರ ಮೇಲೆ. ಅವಳಮ್ಮ ಮುಸುಕಿನ ಜೋಳದ ಬೀಜದ ತೆನೆ ತೂಗುಹಾಕುತ್ತಿದ್ದದ್ದೂ ಅಲ್ಲೇ. ಹೊಗೆ ತಾಗಿದರೆ ಹುಳ ಬರುವುದಿಲ್ಲ. ಊರೆಲ್ಲ ಅಜ್ಜಿಯನ್ನು ಹೊಗಳಿತು. ಹೊಲದಲ್ಲಿದ್ದದ್ದೆಲ್ಲ ಮಲಗಿ ಕೊಳೆತಿತ್ತಲ್ಲ... ಈ ಸಲ ಬಿತ್ತಲು ಇರುವುದು ಇವಷ್ಟೇ.

ಒಂದು ಡಬ್ಬಿ ತೆರೆದೆ. ಮುಚ್ಚಳದ ಒಳಗೆ ನೀರಿನ ಹನಿ. ಹುಳಿ ವಾಸನೆ.

ಜನವರಿ 20, ಬೆಳಿಗ್ಗೆ
ಎಲ್ಲ ಡಬ್ಬಿಯಿಂದಲೂ ಒಂದೊಂದು ಹಿಡಿ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ವೆವೆತೆನಾಂಗೊ ಪೇಟೆಯಿಂದ ಬರುತ್ತಿದ್ದ ಟೆಕ್ನಿಷಿಯನ್ ಹೀಗೇ ಮಾಡುತ್ತಿದ್ದ. ಪ್ರಾಜೆಕ್ಟ್ ಮುಗಿಯಿತು, ಅವನೂ ಬರುವುದಿಲ್ಲ. ಬೀಜದ ಕೋಣೆಯ ಬೀಗದ ಕೈ ನನ್ನ ಕುತ್ತಿಗೆಗೆ ಬಿತ್ತು — ಶಾಲೆ ಬಿಟ್ಟವಳಿಗೆ ಬೇರೇನು ಕೆಲಸ ಅಂತ. ಈ ಬೆಟ್ಟ ಬಿಟ್ಟು ಎಲ್ಲಾದರೂ ಹೋಗಬೇಕು.

ಜನವರಿ 28
ಏನೂ ಮೊಳೆತಿಲ್ಲ. ಬಟ್ಟೆ ಬಿಚ್ಚಿದರೆ ಲೋಳೆ. ಅಜ್ಜಿಗೆ ತೋರಿಸಿದೆ.

“ಚಳಿ ಕಣೇ ಫಿದೇಲಿಯಾ. ನಿಂಗೇ ಕಂಬಳಿ ಬಿಟ್ಟು ಏಳೋಕಾಗಲ್ಲ, ಅದಕ್ಕೆ ಹೇಗಾಗುತ್ತೆ?”

ಇನ್ನೊಂದು ಗಂಟನ್ನು ರವಿಕೆಯೊಳಗೆ ಇಟ್ಟುಕೊಂಡಿದ್ದೇನೆ. ಮೈ ಶಾಖಕ್ಕಾದರೂ...

ಫೆಬ್ರವರಿ 1
ಅದೂ ಇಲ್ಲ.

ಡಬ್ಬಿಗಳು ಬೆಂದಿವೆ. ತೆನೆಗೆ ಗಾಳಿಯಾಡುತ್ತಿತ್ತು. ಬಿಗಿ ಮುಚ್ಚಳದೊಳಗೆ ಬೀಜ ತನ್ನ ಬೆವರಲ್ಲೇ ಬೇಯುತ್ತದೆ. ಇಷ್ಟು ಸುಲಭದ ವಿಷಯ. ಅಜ್ಜಿ ಕೆಳಗೆ ಕೂತು ಒಲೆ ಊದುತ್ತಿದ್ದಾಳೆ, ನಾಳೆ ಹಬ್ಬವೆಂದು ಹಾಡಿಕೊಂಡು.

ಫೆಬ್ರವರಿ 2, ಕಂದೆಲಾರಿಯಾ, ಬೀಜ ಹರಸುವ ಹಬ್ಬ
ಚರ್ಚಿನ ಅಂಗಳದಲ್ಲಿ ಪೈನ್ ಎಲೆ ಹಾಸಿ, ಮೇಲೆ ಡಬ್ಬಿ ಜೋಡಿಸಿದ್ದರು. ಮೇಣದಬತ್ತಿ, ಧೂಪ. ಪಾದ್ರಿ ನೀರು ಚಿಮುಕಿಸುವ ಮೊದಲೇ ಹೇಳಿಬಿಟ್ಟೆ: “ಈ ಬೀಜ ಸತ್ತಿದೆ. ಬಿತ್ತಬೇಡಿ.”

ಪಕ್ಕದ ಮನೆಯ ಎರ್ಮೆಲಿಂದಾ ನಕ್ಕಳು. “ಮೊದ್ಲು ಇವಳ ಬಾಯಿಗೆ ತೀರ್ಥ ಹಾಕಿ ಫಾದರ್. ದೆವ್ವ ಅಲ್ಲೇ ಇರೋದು.”

ಬೀಜ ಸಮಿತಿಯ ಹಿರಿಯ ಬಸಿಲಿಯೊ ಮಾವ ಮಾತ್ರ ನಗಲಿಲ್ಲ. “ಸತ್ತಿದೆ ಅಂತೀಯ. ಯಾಕೆ ಸತ್ತಿತು, ಹೇಳು ಮಗಾ. ಕಾರಣ ಸರಿ ಇದ್ರೆ ಇವತ್ತೇ ಗುಡ್ಡದಾಚೆ ಊರಿಗೆ ಹೋಗಿ ಬೀಜ ಕೇಳ್ತೀನಿ. ಅವ್ರ ಹತ್ರ ಇನ್ನೂ ಇದೆ.”

ಅಜ್ಜಿ ಧೂಪದ ಬಟ್ಟಲು ಹಿಡಿದು ಎದುರಿಗೇ ನಿಂತಿದ್ದಳು. ಹೊಸ ಶಾಲು. ಜನ ಅವಳಿಗೆ ಮುಂದೆ ಜಾಗ ಬಿಟ್ಟಿದ್ದರು.

“ಗೊತ್ತಿಲ್ಲ” ಅಂದೆ.

“ಕಾರಣ ಗೊತ್ತಿಲ್ದೇ ಸಾವು ಮಾತ್ರ ಗೊತ್ತಾಯ್ತಾ?” ಎರ್ಮೆಲಿಂದಾ. ಎಲ್ಲ ನಕ್ಕರು. ಅಜ್ಜಿಯೂ.

ಡಬ್ಬಿಗಳು ಮನೆಮನೆಗೆ ಹೋದವು.

ಗೊತ್ತಿತ್ತು. ಮೇಷ್ಟರ ಮುಖಕ್ಕೇ ನಿಜ ಹೇಳಿ ಶಾಲೆ ಬಿಟ್ಟು ಬಂದವಳು ನಾನು.

ಮಾರ್ಚ್ 14
ಊರೆಲ್ಲ ಬಿತ್ತಿಯಾಗಿದೆ. ನಾವೂ. ಅಜ್ಜಿ ಕೋಲಿನಿಂದ ಗುಳಿ ಹಾಕಿದಳು, ನಾನು ಕಾಳು ಹಾಕಿ ಕಾಲಲ್ಲಿ ಮುಚ್ಚಿದೆ. ಸತ್ತದ್ದೆಂದು ತಿಳಿದೂ ಬಿತ್ತುವುದು... ಬೇಡ, ಬರೆಯಲಾರೆ.

ಮಾರ್ಚ್ 30
ಹದವಾದ ಮಳೆ. ಇಷ್ಟು ಒಳ್ಳೆಯ ಮಾರ್ಚ್ ಮಳೆ ಎಷ್ಟೋ ವರ್ಷದಿಂದ ಇರಲಿಲ್ಲವಂತೆ. ಹೊಲಗಳು ಬರಿಯ ಕಪ್ಪು. ಎರ್ಮೆಲಿಂದಾ ಮಂಡಿಯೂರಿ ಒಂದೊಂದು ಗುಳಿ ಕೆದಕುತ್ತಿದ್ದಳು. ನನ್ನನ್ನು ಕಂಡು ಬೈಯಲಿಲ್ಲ. “ನಿನ್ ಮಾತು ಕೇಳ್ಬೇಕಿತ್ತು ಕಣೇ” ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 6
ಬಸಿಲಿಯೊ ಮಾವ ಗುಡ್ಡದಾಚೆಯಿಂದ ಬಂದ. ಅವರ ಬೀಜವೆಲ್ಲ ಫೆಬ್ರವರಿಯಲ್ಲೇ ಬೇರೆ ಊರುಗಳ ಪಾಲಾಗಿದೆ. ಸಿಕ್ಕಿದ್ದು ಒಂದೇ ಡಬ್ಬಿ. ಈ ಬೆಟ್ಟದ ಜೋಳ ನಿಧಾನ, ಈಗ ಬಿತ್ತಿದರೆ ತೆನೆ ಕಟ್ಟುವ ಮೊದಲೇ ಹಿಮ ಬಿದ್ದು ಸುಡುತ್ತದೆ. ಬರುವ ವರ್ಷಕ್ಕೆ ಇಡಬೇಕು. ಅಲ್ಲಿಯವರೆಗೆ ಏನು ತಿನ್ನುವುದೆಂದು ಯಾರೂ ಕೇಳಲಿಲ್ಲ. ಗಂಡಸರು ಆಗಲೇ ಕೂಲಿಗೆಂದು ಕಾಫಿ ತೋಟಗಳಿಗೆ ಇಳಿದಿದ್ದಾರೆ.

ನೇರ ನಮ್ಮ ಅಡುಗೆಮನೆಗೇ ಬಂದ. “ಮಕಾರಿಯಾ ಅಕ್ಕ, ಇದು ನಿಮ್ಮ ಒಲೆ ಮೇಲೇ ಇರ್ಲಿ. ನಿಮ್ಮಷ್ಟು ಜೋಪಾನ ಯಾರು ಮಾಡ್ತಾರೆ?”

ಅಜ್ಜಿ ಆಗಲೇ ಏಣಿ ಹತ್ತಿದ್ದಳು.

“ಅಲ್ಲಿ ಬೇಡ.”

“ಯಾಕೇ?”

“ಮುಚ್ಚಿದ ಡಬ್ಬಿ ಅಲ್ಲಿ ಬೇಯುತ್ತೆ. ಎಲ್ಲಾನೂ ಹಾಗೇ ಬೆಂದಿದ್ದು. ಚಳಿ ಅಲ್ಲ.”

ಮಾವ ಕುಕ್ಕರಿಸಿದ. ಅಜ್ಜಿ ಡಬ್ಬಿ ಅವುಚಿಕೊಂಡು ನಿಧಾನ ಇಳಿದಳು. “ಯಾವಾಗ ಗೊತ್ತಾಯ್ತು?”

“ಹಬ್ಬದ ಹಿಂದಿನ ದಿನ.”

“ಮತ್ತೆ ಅವತ್ತು...”

“ನಿಂಗೆ ಅವಮಾನ ಆಗುತ್ತೆ ಅಂತ.”

“ನಂಗೆ” ಅಂದಳು. ಇನ್ನೊಮ್ಮೆ, “ನಂಗೆ.”

ಡಬ್ಬಿಯನ್ನು ಮಾವನ ಕೈಗಿಟ್ಟು, ಶಾಲು ಹೊದ್ದು ಹೊರಟಳು. ಮನೆಮನೆಗೂ ಹೋಗಿ ತಾನೇ ಹೇಳುತ್ತಾಳಂತೆ. ಜೊತೆಗೆ ಬರುತ್ತೇನೆ ಅಂದೆ. ಬೇಡ ಅಂದಳು.

ಸಂಜೆ
ಅಜ್ಜಿ ಎರ್ಮೆಲಿಂದಾ ಮನೆಯಿಂದ ಇನ್ನೂ ಹೊರಗೆ ಬಂದಿಲ್ಲ. ಬಾಗಿಲು ಹಾಕಿದೆ. ಮೊದಲು ಜೋರು ದನಿ ಕೇಳುತ್ತಿತ್ತು. ಈಗ ಅದೂ ಇಲ್ಲ. ಬೇಡ ಅಂದರೂ ನಾನು ಹೋಗಿ ನನ್ನ ಪಾಲಿನದು ಹೇಳಬೇಕು.