ಫೋನಿಗೆ ತುಟಿಯಿಲ್ಲ, ನನ್ನ ಮಗಳಿಗೆ ಕಿವಿಯಿದೆ

ನಮ್ಮ ಶಾಲೆಗಳ ಮೇಲುಸ್ತುವಾರಿ ಹೊತ್ತಿರುವ ಮಾನ್ಯ ಶಿಕ್ಷಣಾಧಿಕಾರಿಗಳೇ,

ಕಳೆದ ತಿಂಗಳು ತಾವು ನಮ್ಮೂರ ಸರ್ಕಾರಿ ಶಾಲೆಗೆ ದಯಮಾಡಿಸಿ, ಹನ್ನೆರಡು ನಿಮಿಷದಲ್ಲಿ ಎರಡು ಕೆಲಸ ಮುಗಿಸಿ ಹೋದಿರಿ. ಎರಡನೇ ತರಗತಿಯ ನನ್ನ ಮಗಳು ಭಾನುಪ್ರಿಯಾಳ ಹೆಸರನ್ನು ಕಿವಿ ಮಂದವಿರುವ ಮಕ್ಕಳ ಪಟ್ಟಿಗೆ ಸೇರಿಸಿದಿರಿ. ಅವಳಿಗೆ ಅಕ್ಷರ ಕಲಿಸುತ್ತಿದ್ದ ಅನುಸೂಯಮ್ಮ ಮೇಡಂ ಅವರನ್ನು ತಾಲ್ಲೂಕಿನ ಇನ್ನೊಂದು ಮೂಲೆಯ ಶಾಲೆಗೆ ಎತ್ತಿ ಹಾಕಿದಿರಿ. ಎರಡೂ ತಪ್ಪು. ಇದನ್ನು ಹೇಳಲೆಂದೇ ಮೂರು ಸಲ ಕಚೇರಿಗೆ ಬಂದೆ. ಮೂರು ಸಲವೂ ತಾವು ಮೀಟಿಂಗಿನಲ್ಲಿದ್ದಿರಿ. ಅದಕ್ಕೇ ಊರಿಗೆಲ್ಲ ಗೊತ್ತಾಗುವಂತೆ ಬರೆಯುತ್ತಿದ್ದೇನೆ.

ನಾನು ತೂಬಗೆರೆ ಹೋಬಳಿಯವನು. ನಡುಮನೆಯಲ್ಲೇ ನಾಲ್ಕು ಪವರ್‌ಲೂಮ್ ಮಗ್ಗ ಹಾಕಿಕೊಂಡಿದ್ದೇನೆ. ಹೆಂಡತಿ ಮಮತ ಎರಡನ್ನು ನೋಡಿಕೊಳ್ಳುತ್ತಾಳೆ, ನಾನು ಎರಡನ್ನು. ಮಗ್ಗ ಓಡುವಾಗ ಪಕ್ಕದಲ್ಲೇ ನಿಂತು ಅರಚಿದರೂ ಕೇಳಿಸದು. ಆದ್ದರಿಂದ ನಮ್ಮಂಥವರು ಅರಚುವ ಗೋಜಿಗೇ ಹೋಗುವುದಿಲ್ಲ, ಸದ್ದಿಲ್ಲದೆ ತುಟಿಯಷ್ಟೇ ಆಡಿಸುತ್ತೇವೆ. ನೂಲು ಹರಿದಿದೆ, ಕಾಫಿ ಇಡು, ಹೊರಗೆ ಯಾರೋ ಬಂದಿದ್ದಾರೆ, ಎಲ್ಲವೂ ತುಟಿಯಲ್ಲೇ ನಡೆಯುತ್ತದೆ. ತೊಟ್ಟಿಲಲ್ಲಿದ್ದಾಗಿನಿಂದ ಭಾನು ಇದನ್ನೇ ನೋಡಿಕೊಂಡು ಬೆಳೆದಳು. ಮಾತು ಅಂದರೆ ಎದುರಿನವರ ಬಾಯಿ ನೋಡುವುದು ಎಂದೇ ಅವಳು ತಿಳಿದಿದ್ದಳು.

ಅಕ್ಷರಕ್ಕೆ ಕೂರಿಸಿದಾಗ ಇದು ಕೈ ಕೊಟ್ಟಿತು. ಕ, ಗ ಬಂದರೆ ಸ್ವಲ್ಪ ತಡವರಿಸುತ್ತಿದ್ದಳು. ಪ, ಬ, ಮ ಬಂದರಂತೂ ಪೂರ್ತಿ ಕಂಗಾಲು. ಮೇಡಂ ಒಂದು ಹೇಳಿದರೆ ಇವಳು ಇನ್ನೊಂದನ್ನು ತೋರಿಸುತ್ತಿದ್ದಳು. ನಾನು ಬೈದೆ, ಒಂದು ದಿನ ಹೊಡೆದೂ ಬಿಟ್ಟೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಹೊಡೆದ ಮರುದಿನ ಭಾನು ಶಾಲೆಗೆ ಹೋಗಲಿಲ್ಲ. ಯಾಕೆಂದು ವಿಚಾರಿಸಲು ಸಂಜೆ ಅನುಸೂಯಮ್ಮ ಮೇಡಂ ಮನೆಗೇ ಬಂದರು. ಮಗ್ಗ ಓಡುತ್ತಿತ್ತು. ನಾನು ಭಾನುವಿನ ಕಡೆ ತಿರುಗಿ, ಚಾಪೆ ತಾ ಎಂದು ತುಟಿಯಾಡಿಸಿದೆ. ಅವಳು ತಂದಳು. ಮೇಡಂ ಅದನ್ನು ಕಣ್ಣು ಮಿಟುಕಿಸದೆ ನೋಡಿ, ನನ್ನನ್ನು ಹೊರಗೆ ಕರೆದರು.

"ನಿಮ್ ಮಗು ಕಣ್ಣಲ್ಲಿ ಕೇಳ್ತಾಳೆ ಕಣ್ರಪ್ಪಾ," ಅಂದರು. "ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ತದೆ. ಪಾಪ, ಅವಳಿಗೆ ಹೆಂಗ್ ಗೊತ್ತಾಗ್ಬೇಕು?"

ಮಾನ್ಯರೇ, ತಮ್ಮ ಯಾವ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟಿದ್ದರು? ಯಾವ ಸುತ್ತೋಲೆಯಲ್ಲಿತ್ತು? ಮಾರನೇ ದಿನದಿಂದ ಮೇಡಂ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದು ಅಕ್ಷರ ಹೇಳತೊಡಗಿದರು. ಮಕ್ಕಳು ಮೇಡಂ ಗಂಟಲನ್ನು, ತಮ್ಮ ಗಂಟಲನ್ನು, ಪಕ್ಕದವರ ಗಂಟಲನ್ನು ಮುಟ್ಟಿ ನೋಡಬೇಕು. ಬ ಅನ್ನುವಾಗ ತುಟಿ ತೆರೆಯುವ ಮೊದಲೇ ಗಂಟಲು ಗುಂಯ್ ಅನ್ನುತ್ತದೆ. ಪ ಅನ್ನುವಾಗ ತುಟಿ ತೆರೆಯುವವರೆಗೂ ಗಂಟಲು ಸುಮ್ಮನಿರುತ್ತದೆ. ಮ ಅನ್ನುವಾಗ ಮೂಗು ಅದುರುತ್ತದೆ. ಮೂರು ವಾರದಲ್ಲಿ ಭಾನು ಮ ಅಕ್ಷರವನ್ನು ತಪ್ಪಿಲ್ಲದೆ ಗುರುತಿಸಿದಳು. ಪ ಮತ್ತು ಬ ಇನ್ನೇನು ಕೈಗೆ ಸಿಗುವುದರಲ್ಲಿದ್ದವು.

ಆಗ ತಮ್ಮ ಜೀಪು ಬಂತು. ಆ ದಿನಕ್ಕೆ ನಿಗದಿಯಾಗಿದ್ದ ಪುಟ ಬಿಟ್ಟು ಮಕ್ಕಳು ಒಬ್ಬರ ಕುತ್ತಿಗೆ ಒಬ್ಬರು ಹಿಡಿದುಕೊಂಡಿದ್ದು ತಮ್ಮ ಕಣ್ಣಿಗೆ ಬಿತ್ತು. ಇದೇನೆಂದು ಒಂದು ಮಾತು ಕೇಳಿದ್ದರೆ ತಮ್ಮ ಗಂಟು ಏನು ಹೋಗುತ್ತಿತ್ತು? ಕೇಳುವ ಬದಲು 'ಅಸಂಬದ್ಧ ಚಟುವಟಿಕೆ' ಎಂದು ಬರೆದುಕೊಂಡಿರಿ. ಆಮೇಲೆ ಫೋನು ತೆಗೆದು ಭಾನುವಿನ ಮುಂದೆ ಹಿಡಿದಿರಿ. ಫೋನು ಒಂದೊಂದೇ ಸದ್ದು ಮಾಡುತ್ತದೆ, ಮಗು ಸರಿಯಾದ ಅಕ್ಷರವನ್ನು ಒತ್ತಬೇಕು. ಹೊಸ ಮುಖಗಳನ್ನು ಕಂಡು ಹೆದರಿದ್ದ ಮಗು ಹಳೆಯ ಅಭ್ಯಾಸದಂತೆ ಬಾಯಿ ಹುಡುಕಿತು. ಫೋನಿಗೆ ತುಟಿಯಿಲ್ಲ. ಮೇಡಂ ಕಡೆ ತಿರುಗಿದರೆ, ಮಾತಾಡಕೂಡದೆಂದು ತಾವು ಅವರಿಗೆ ಮೊದಲೇ ತಾಕೀತು ಮಾಡಿದ್ದಿರಿ. ಹತ್ತರಲ್ಲಿ ಏಳು ತಪ್ಪಾಯಿತು. ಫೋನು ಕೆಂಪು ಬಣ್ಣ ತೋರಿಸಿತು, ತಾವು ಅದನ್ನು ನಂಬಿದಿರಿ. ಮೂವತ್ತು ವರ್ಷ ಪಾಠ ಮಾಡಿದ ಹೆಂಗಸು ಏನೋ ಹೇಳಲು ಬಂದರೆ ಅದನ್ನು ಮಾತ್ರ ನಂಬಲಿಲ್ಲ.

ಮಗುವನ್ನು ಪಟ್ಟಣದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡು ಕಿವಿಯೂ ಸರಿಯಾಗಿವೆ ಎಂದು ಬರೆದುಕೊಟ್ಟಿದ್ದಾರೆ, ಅದರ ನಕಲನ್ನು ಲಗತ್ತಿಸಿದ್ದೇನೆ. ಆ ಚೀಟಿಯನ್ನು ತಮ್ಮ ಕಚೇರಿಯ ಗುಮಾಸ್ತರಿಗೆ ತೋರಿಸಿದೆ. "ಆಪ್‌ನಲ್ಲಿ ಕೆಂಪು ಬಂದ್ಮೇಲೆ ನಮ್ ಕೈಲೇನಿಲ್ಲ ಗುರು," ಅಂದರು.

ಈಗ ಒಬ್ಬರೇ ಶಿಕ್ಷಕರು ಮೂರು ತರಗತಿ ನೋಡಿಕೊಳ್ಳುತ್ತಿದ್ದಾರೆ. ಅವರನ್ನು ದೂರಲಾರೆ. ಟೀವಿಯಲ್ಲಿ ಅಕ್ಷರದ ಹಾಡು ಹಚ್ಚಿ ಕೂರಿಸುತ್ತಾರೆ, ಮಕ್ಕಳು ಹಾಡುತ್ತವೆ, ಓದು ಬರುವುದಿಲ್ಲ. ಜೊತೆಯ ಮಕ್ಕಳು ಭಾನುವನ್ನು ಕಿವುಡಿ ಎಂದು ಕರೆಯಲು ಶುರುಮಾಡಿದ್ದಾರೆ. ಹೋದ ವಾರ ಮಮತ ತಲೆ ಬಾಚುತ್ತಿದ್ದಾಗ ಅವಳು ಕೇಳಿದಳಂತೆ: "ಅಮ್ಮಾ, ನನ್ ಕಿವಿ ಕೆಟ್ಟೋಗಿದ್ಯಾ?" ಮಾನ್ಯರೇ, ತಾವೇ ಹೇಳಿಕೊಡಿ, ಏಳು ವರ್ಷದ ಮಗುವಿಗೆ ಏನು ಉತ್ತರ ಕೊಡಬೇಕು?

ಮರುದಿನದಿಂದ ಸಂಜೆ ಆರರಿಂದ ಏಳರವರೆಗೆ ನಾಲ್ಕು ಮಗ್ಗವನ್ನೂ ನಿಲ್ಲಿಸುತ್ತಿದ್ದೇನೆ. ಮನೆಯಲ್ಲಿ ಮಗುವಿಗೆ ನಮ್ಮ ದನಿಯಾದರೂ ಕೇಳಲಿ ಎಂದು. ಆದರೆ ನಾವು ಕಲಿಸುವವರಲ್ಲ. ಮೇಡಂ ಮಾಡುತ್ತಿದ್ದಂತೆ ಬಾಯಿಗೆ ಪುಸ್ತಕ ಅಡ್ಡ ಹಿಡಿದು ನಾನು ಗಟ್ಟಿಯಾಗಿ ಪ ಅನ್ನುತ್ತೇನೆ, ಮಗು ಬೆಚ್ಚಿಬೀಳುತ್ತದೆ. ಮಮತ ಮೆಲ್ಲಗೆ ಹೇಳಿದರೆ ಅವಳು ಪುಸ್ತಕ ಸರಿಸಿ ಬಾಯಿ ನೋಡುತ್ತಾಳೆ. ಹೀಗೆ ದಿನವೂ ಒಂದು ಗಂಟೆ ಮೂವರೂ ಕೂತು ಸೋತು ಏಳುತ್ತೇವೆ.

ಮಗಳ ಹೆಸರನ್ನು ಆ ಪಟ್ಟಿಯಿಂದ ತೆಗೆಯಿರಿ. ತೆಗೆದದ್ದನ್ನು ತರಗತಿಯಲ್ಲಿ, ಎಲ್ಲ ಮಕ್ಕಳ ಎದುರು, ಅವಳಿಗೆ ಕೇಳುವಂತೆ ಹೇಳಿಸಿ. ಅನುಸೂಯಮ್ಮ ಮೇಡಂ ಅವರನ್ನು ಬರುವ ಸೋಮವಾರ ನಮ್ಮ ಶಾಲೆಗೆ ವಾಪಸ್ ಕಳಿಸಿ. ನಾನು ನಾಲ್ಕು ಮಗ್ಗ ನಿಲ್ಲಿಸಿದ್ದೇನೆ. ನೀವು ಒಂದು ಆದೇಶ ನಿಲ್ಲಿಸಿ.

ಇಂತಿ,
ಕಿವಿ ಸರಿಯಿರುವ ಮಗುವನ್ನು ಹೊಡೆದ,
ಆ ಅಪರಾಧದಲ್ಲಿ ತಮ್ಮ ಪಾಲುದಾರನಾದ,
ಚಲಪತಿ, ಮಗ್ಗದವನು