ಇನ್ನು ಚಳಿಯ ನೆಪವಿಲ್ಲ

ಭಾನುವಾರ, ಜನವರಿ ೧೮

ಗುಬ್ಬಿಯ ಅಪ್ಪನಿಗೆ,

ಕ್ಷೇಮ ಕೇಳುವ ಮೊದಲೇ ಜಗಳ ತೆಗೆದಳು ಎನ್ನಬೇಡಿ. ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ: ನಮ್ಮ ಮನೆ ಬೆಚ್ಚಗಾಗಿದೆ. "ಐಸ್ ಪೆಟ್ಟಿಗೆ" ಎಂದು ಹೆಸರಿಟ್ಟು, ಅತ್ತೆಯ ಮಂಡಿನೋವಿನ ಮಾತು ತೆಗೆದು, ಅವರನ್ನು ಕರೆದುಕೊಂಡು ಬೆಚ್ಚಗಿನ ಊರಿಗೆ ಹೊರಟುಹೋದಿರಲ್ಲ, ಅದೇ ಮನೆ. ಈಗ ಹೊರಗೆ ಹಿಮ ಬೀಳುತ್ತಿದೆ. ನಾನು ಕಿಟಕಿಯ ಪಕ್ಕ ಬರಿಗಾಲಲ್ಲಿ ಕೂತು ಬರೆಯುತ್ತಿದ್ದೇನೆ.

ಮನೆ ಬೆಚ್ಚಗಿಟ್ಟಿರುವುದು ಒಲೆಯಲ್ಲ, ಹೀಟರೂ ಅಲ್ಲ. ಹಿತ್ತಲಲ್ಲಿ ಬೋರು ಕೊರೆದು ಆಳಕ್ಕೆ ಪೈಪು ಇಳಿಸಿದ್ದಾರೆ. ಮೇಲೆ ಎಷ್ಟೇ ಚಳಿಯಿದ್ದರೂ ನೆಲದಾಳದಲ್ಲಿ ವರ್ಷವಿಡೀ ಒಂದೇ ಹದವಂತೆ. ಪೈಪಿನ ನೀರು ಕೆಳಗಿಳಿದು ಆ ಬಿಸುಪನ್ನು ಹೊತ್ತು ತರುತ್ತದೆ, ಹಿಂದಿನ ಕೋಣೆಯ ಪಂಪು ಅದನ್ನು ಹೆಚ್ಚಿಸಿ ಮನೆಗೆಲ್ಲ ಹಂಚುತ್ತದೆ. ನಿಮ್ಮ ಮಗಳು ನನಗೆ ಪಾಠ ಮಾಡಿದಳು: ಫ್ರಿಜ್ಜು ತನ್ನೊಳಗಿನ ಬಿಸಿ ಹೊರಗೆ ಹಾಕುತ್ತೆ, ಇದು ನೆಲದ ಬಿಸಿ ಒಳಗೆ ತರುತ್ತೆ, ಅಷ್ಟೇ ಅಮ್ಮ ಅಂತ. ಒಂದು ಪಾಲು ಕರೆಂಟು ತಿಂದು ಮೂರು ನಾಲ್ಕು ಪಾಲು ಶಾಖ ಕೊಡುತ್ತದೆ. ಬೇಸಿಗೆಯಲ್ಲಿ ಮನೆಯ ಸೆಕೆಯನ್ನು ನೆಲಕ್ಕೇ ಇಳಿಸುತ್ತದೆ. ಹೊಗೆಯಿಲ್ಲ, ಎಣ್ಣೆ ವಾಸನೆಯಿಲ್ಲ; ಗಿರಾಕಿಯ ಬಿಳಿ ಬಟ್ಟೆ ಹೊಲಿಯುವಾಗ ಮಸಿ ತಾಗೀತೆಂಬ ಭಯವಿಲ್ಲ. ಹೊಲಿದು ಕೂಡಿಟ್ಟ ದುಡ್ಡನ್ನೆಲ್ಲ ಹಿತ್ತಲಲ್ಲಿ ಹೂತುಬಿಟ್ಟಳು ಎಂದು ನಗಬೇಡಿ.

ಶುರುವಿನಲ್ಲಿ ಎಡವಟ್ಟು ಮಾಡಿಕೊಂಡೆ. ಹಳೆಯ ಎಣ್ಣೆ ಒಲೆಯ ಅಭ್ಯಾಸ ನೋಡಿ, ಮಲಗುವಾಗ ಆರಿಸುವುದು, ಎದ್ದ ಕೂಡಲೇ ಜೋರು ಮಾಡುವುದು. ಪಂಪಿಗೆ ಸುಸ್ತಾಗಿ, ಅದರ ಸಹಾಯಕ್ಕಿಟ್ಟ ಕರೆಂಟಿನ ಹೀಟರು ಶುರುವಾಗಿ, ಮೀಟರು ಗಿರಗಿರ ತಿರುಗಿತು. ಇದನ್ನು ಕೂರಿಸಿದ ಮೆಕ್ಯಾನಿಕ್‌ಗೆ ಫೋನ್ ಮಾಡಿ ಚೆನ್ನಾಗಿ ಬೈದೆ. ಅವನು ಬಂದು ನೋಡಿ ನಕ್ಕುಬಿಟ್ಟ. "ಅಮ್ಮಾ, ಇದು ಓಡೋ ಕುದುರೆ ಅಲ್ಲ, ನಿಧಾನಕ್ಕೆ ನಡೆಯೋ ಎತ್ತು. ಒಂದೇ ಅಂಕಿಗೆ ಇಟ್ಟು ಮರೆತುಬಿಡಿ" ಅಂದ. ಮರೆಯುವುದು ನನ್ನ ಕೈಲಾಗುವ ಕೆಲಸವೇ? ಆದರೂ ಈಗ ಅದರ ತಂಟೆಗೆ ಹೋಗುವುದಿಲ್ಲ.

ಒಂದು ಮಾತ್ರ ಅಂದುಕೊಂಡಂತೆ ಆಗಲಿಲ್ಲ. ಆಗ ಒಲೆ ಇದ್ದದ್ದು ಒಂದೇ ಕೋಣೆಯಲ್ಲಿ, ಎಲ್ಲರೂ ಅಲ್ಲೇ ಒತ್ತಿಕೊಂಡು ಕೂರಬೇಕಿತ್ತು. ನನ್ನ ಹೊಲಿಗೆ ಯಂತ್ರದ ಸದ್ದಿಗೆ ಅತ್ತೆ ಗೊಣಗುತ್ತಿದ್ದರು, ನಾನು ಬೇಕೆಂದೇ ಇನ್ನೂ ಜೋರಾಗಿ ತುಳಿಯುತ್ತಿದ್ದೆ, ನೀವು ಇಬ್ಬರ ನಡುವೆ ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಿರಿ. ಈಗ ಮೂಲೆಮೂಲೆಯೂ ಬೆಚ್ಚಗಿದೆ. ಗುಬ್ಬಿ ಅವಳ ಕೋಣೆಯಲ್ಲಿ, ನಾನು ನನ್ನ ಕೋಣೆಯಲ್ಲಿ. ನಿಮ್ಮ ತಣ್ಣನೆಯ ಪಾದವನ್ನು ನನ್ನ ಕಾಲಿಗೆ ತಗುಲಿಸಿ, ನಾನು ಕಿರುಚಿದರೆ ನಗುತ್ತಿದ್ದಿರಿ. ನಿನ್ನೆ ಅದು ನೆನಪಾಗಿ, ಬೆಚ್ಚಗಿನ ಹಾಸಿಗೆಯಲ್ಲಿ ಮಲಗಿ ಅತ್ತುಬಿಟ್ಟೆ. ನಿಮ್ಮನ್ನು ನೋಡಬೇಕು ಅನ್ನಿಸುತ್ತದೆ. ಬಹಳ ಅನ್ನಿಸುತ್ತದೆ.

ಇಷ್ಟು ವರ್ಷ ಯಾರು ಕೇಳಿದರೂ "ಅತ್ತೆಗೆ ಚಳಿ ತಡೆಯಲ್ಲ, ಅದಕ್ಕೇ ಅಲ್ಲಿದ್ದಾರೆ" ಎನ್ನುತ್ತಿದ್ದೆ. ನನಗೂ ಅದೇ ಸಮಾಧಾನವಾಗಿತ್ತು. ಆ ಸಮಾಧಾನವನ್ನು ಈಗ ನನ್ನ ಕೈಯಾರೆ ಕಳೆದುಕೊಂಡಿದ್ದೇನೆ. ಇಷ್ಟಾದ ಮೇಲೂ ನೀವು ಬರದಿದ್ದರೆ, ಹೋದದ್ದು ಚಳಿಗಲ್ಲ, ನನ್ನಿಂದ ಎಂದಾಗುತ್ತದೆ. ಅದನ್ನು ತಿಳಿಯಲು ಹೆದರಿಕೆ. ಆದರೂ ಕೇಳುತ್ತಿದ್ದೇನೆ, ಬರುತ್ತೀರಾ? ಬರುವುದಿಲ್ಲವಾದರೆ ನಿಜವಾದ ಕಾರಣ ಬರೆಯಿರಿ. ಮಂಡಿನೋವಿನ ಸುದ್ದಿ ಬೇಡ.

ಇಂತಿ, ಇನ್ನೂ ನಿಮ್ಮವಳೇ ಆಗಿರುವ
ಗುಬ್ಬಿಯ ಅಮ್ಮ

ಬರೆಯಲೋ ಬೇಡವೋ ಎಂದು ಬಿಟ್ಟಿದ್ದ ಮಾತು: ಇದೇ ಪಂಪಿಗೆ ಸೇರಿದ ಬಿಸಿನೀರಿನ ಟ್ಯಾಂಕನ್ನು ಮನೆಯ ಜನರ ಲೆಕ್ಕ ನೋಡಿ ಕೂರಿಸುತ್ತಾರೆ. ಎಷ್ಟು ಜನ ಎಂದು ಮೆಕ್ಯಾನಿಕ್ ಕೇಳಿದಾಗ, ಗುಬ್ಬಿ ಬಾಯಿ ತೆರೆಯುವ ಮೊದಲೇ ನಾಲ್ಕು ಎಂದುಬಿಟ್ಟೆ. ಇರುವುದು ನಾವಿಬ್ಬರೇ ಎಂದು ಅವನಿಗೆ ಈಗ ಗೊತ್ತಾಗಿದೆ. ಅರ್ಧ ನೀರು ಸುಮ್ಮನೆ ಬಿಸಿಯಾಗುತ್ತಿದೆ, ಚಿಕ್ಕದು ಹಾಕಿಕೊಡುತ್ತೇನೆ ಎಂದ. ಬೇಡ, ಅತ್ತೆಗೆ ಸ್ನಾನಕ್ಕೆ ನೀರು ಸಾಲುವುದಿಲ್ಲ ಎಂದೆ.