ಡಬ್ಬಿಯೊಳಗಿನ ಮುಖ

ನನ್ನವಳೇ,

ನಿನ್ನ ತಂಗಿಯ ಕೈಯಲ್ಲಿ ಈ ಕಾಗದ ಮತ್ತು ಟೋಪಿ ಕಳಿಸುತ್ತಿದ್ದೇನೆ. ಆಸ್ಪತ್ರೆಯ ಊಟ ಸೇರದಿದ್ದರೂ ಎರಡು ತುತ್ತು ತಿನ್ನು.

ನೀನು ಗುರುತು ಹಾಕಿಟ್ಟಿದ್ದ ಜಪಾನಿ ಅಡುಗೆ ಪುಸ್ತಕ ನೋಡಿಕೊಂಡು, ಪುಟ್ಟಿಯ ಮಧ್ಯಾಹ್ನದ ಡಬ್ಬಿಗೆ ಮೇಲಿನ ಬ್ರೆಡ್ಡಿಲ್ಲದ ಸ್ಯಾಂಡ್‌ವಿಚ್ ಮಾಡಿದೆ. ನಗಬೇಡ, ಬ್ರೆಡ್ಡನ್ನು ಅಂಗಡಿಯ ಬಟ್ಟೆ ಕತ್ತರಿಯಲ್ಲೇ ಗುಂಡಗೆ ಕತ್ತರಿಸಿದೆ. ಚೆನ್ನಾಗಿ ತೊಳೆದಿದ್ದೆ ಕಣೇ. ಬೆಣ್ಣೆಯ ಮೇಲೆ ತೆಳ್ಳನೆಯ ಮೊಟ್ಟೆ ದೋಸೆಯ ಹಳದಿ ಮುಖ, ಬಟಾಣಿ ಕಣ್ಣು, ಬೀಟ್ರೂಟ್ ಕೆನ್ನೆ, ಕ್ಯಾರೆಟ್ ತುಟಿ. ಕಡಲಪಾಚಿಯ ಕಪ್ಪು ಹಾಳೆಯಲ್ಲಿ ನಿನ್ನ ಕೂದಲು, ಬೈತಲೆ ಸಮೇತ. ಇಷ್ಟೆಲ್ಲ ಮಾಡಿ, ಬುದ್ಧಿಯಿಲ್ಲದವನ ಹಾಗೆ ಮುಚ್ಚಳ ಒತ್ತಿ ಹಾಕಿಬಿಟ್ಟೆ. ಸ್ಕೂಲಿನಲ್ಲಿ ತೆರೆದರೆ ಕೂದಲೆಲ್ಲ ಮುಚ್ಚಳಕ್ಕೆ ಅಂಟಿಕೊಂಡಿತ್ತಂತೆ.

ಸಂಜೆ ನಾನು, "ಎಲ್ಲಾ ಹಾಳಾಯ್ತಲ್ಲ ಪುಟ್ಟಿ," ಅಂದೆ.

"ಇಲ್ಲಪ್ಪಾ, ಆಗ್ಲೇ ಸರಿಯಾಗಿದ್ದು. ಅಮ್ಮಂಗೆ ಈಗ ಕೂದಲಿಲ್ವಲ್ಲ. ಚಿಕ್ಕಮ್ಮ ಫೋನಲ್ಲಿ ಹೇಳ್ತಿದ್ದಾಗ ಕೇಳಿಸ್ಕೊಂಡೆ," ಅಂದಳು. ಆಮೇಲೆ ಶೂ ಬಿಚ್ಚುತ್ತಾ, "ಮೊದ್ಲು ಒಂದು ಮುತ್ತು ಕೊಟ್ಟು ಆಮೇಲೆ ತಿಂದೆ," ಅಂದಳು.



ಟೋಪಿ ಆಗುವ ತನಕ ಅವಳನ್ನು ಕರೆತರಬೇಡಿ ಎಂದು ಹಟ ಹಿಡಿದಿದ್ದೀಯಲ್ಲ, ಟೋಪಿಯಂತೂ ಆಯಿತು. ಒಳಗೆ ಮೆತ್ತನೆಯ ಹತ್ತಿ ಬಟ್ಟೆ ಕೊಟ್ಟಿದ್ದೇನೆ, ಹೊಲಿಗೆ ಎಲ್ಲೂ ಚುಚ್ಚುವುದಿಲ್ಲ. ಭಾನುವಾರ ಪುಟ್ಟಿಯನ್ನು ಕರೆದುಕೊಂಡು ಬರುತ್ತೇನೆ.

ಚಳಿಯಾದರೆ ಟೋಪಿ ಹಾಕಿಕೋ. ಅವಳಿಗೋಸ್ಕರ ಬೇಡ.

ನಿನ್ನ ದರ್ಜಿ